ಮಣಿಕೊಂಡಕ್ಕೆ ಬಂದ ಹೆಳವ

ಊರಿನಿಂದ ದೊಡ್ಡಪ್ಪನ ಮಗ ಫೋನು ಮಾಡುವುದು ಎರಡೇ ಕಾರಣಕ್ಕೆ. ಯಾರಾದರೂ ತೀರಿಕೊಂಡಿರಬೇಕು, ಇಲ್ಲವೆ ಯಾರದಾದರೂ ಮದುವೆ ಗೊತ್ತಾಗಿರಬೇಕು. ಹಾಗಾಗಿ ಆ ಬೆಳಿಗ್ಗೆ ಅವನ ಫೋನು ಬಂದಾಗ ಒಲೆ ಸಣ್ಣ ಮಾಡಿ, ಎದೆ ಗಟ್ಟಿ ಮಾಡಿಕೊಂಡೇ ಎತ್ತಿದೆ.

"ಅಕ್ಕಾ, ಹೆಳವ ಬಂದಾನ," ಅಂದ. "ನಮ್ಮ ಓಣಿ ಎಲ್ಲಾ ಮುಗಿಸ್ಯಾನ. ಹೈದರಾಬಾದಿಗೆ ಹೋದವ್ರ ಮನಿಗೂ ಹೋಗ್ತೀನಿ ಅಂತಾನ. ನಿಮ್ಮ ಪತ್ತೆ ಕೊಡ್ಲೇನು?"

ಕೊಡು, ಬಿಡು, ನಿನ್ನಿಷ್ಟ ಅನ್ನಬೇಕೆಂದಿದ್ದೆ. ಅಷ್ಟರಲ್ಲಿ ಒಳಕೋಣೆಯಲ್ಲಿ ಟೀವಿ ಆರಿತು. ನಮ್ಮವ್ವನಿಗೆ ಕಿವಿ ಮಂದ. ಪಕ್ಕದಲ್ಲಿ ನಿಂತು ಊಟಕ್ಕೆ ಕರೆದರೂ ಕೇಳಿಸದ ಅವಳಿಗೆ ಫೋನಿನೊಳಗಿನ ಆ ಒಂದು ಮಾತು ಹೇಗೆ ಕೇಳಿಸಿತೋ ದೇವರೇ ಬಲ್ಲ. ಗೋಡೆ ಹಿಡಿದುಕೊಂಡು ಅಡುಗೆಮನೆ ಬಾಗಿಲಿಗೆ ಬಂದು ನಿಂತಳು.

"ಕೊಡು ಅನ್ನು," ಅಂದಳು. "ಸನತ್‌ನಗರದ್ದಲ್ಲ, ಮಣಿಕೊಂಡದ್ದು ಕೊಡು ಅನ್ನು. ಮಗನ ಬಾಗಲದಾಗ ಆಗಬೇಕು."

ಮಣಿಕೊಂಡದ್ದನ್ನೇ ಕೊಡು ಅಂದು ಫೋನಿಟ್ಟೆ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಹೆಳವರೆಂದರೆ ನಮ್ಮ ಕಡೆ ಮನೆತನಗಳ ವಂಶಾವಳಿ ಹೇಳುವವರು. ಒಂದೊಂದು ಮನೆತನವನ್ನು ಒಂದೊಂದು ಹೆಳವರ ಮನೆಯವರು ನೋಡಿಕೊಳ್ಳುತ್ತಾರೆ. ಹಿಂದೆ ಸಿಂಗಾರ ಮಾಡಿದ ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತ ಬರುತ್ತಿದ್ದರು. ಮನೆ ಬಾಗಿಲಲ್ಲಿ ನಿಂತು, ನಿಮ್ಮ ಮೂಲಪುರುಷ ಎಲ್ಲಿಂದ ಬಂದ, ಯಾಕೆ ಬಂದ ಎಂಬಲ್ಲಿಂದ ಹಿಡಿದು ತೊಟ್ಟಿಲ ಕೂಸಿನ ತನಕ ಎಲ್ಲರ ಹೆಸರನ್ನೂ ರಾಗವಾಗಿ ಹೇಳುತ್ತಿದ್ದರು. ಹೊಸದಾಗಿ ಹುಟ್ಟಿದವರು, ತಂದ ಸೊಸೆಯರು, ಕೊಟ್ಟ ಹೆಣ್ಣುಮಕ್ಕಳು, ಎಲ್ಲವನ್ನೂ ಮನೆಯವರ ಬಾಯಿಂದ ಕೇಳಿ ಹಾಡಿಗೆ ಸೇರಿಸಿಕೊಂಡು, ಕಾಳು ಬಟ್ಟೆ ತೆಗೆದುಕೊಂಡು ಮುಂದಿನ ಊರಿಗೆ ಹೋಗುತ್ತಿದ್ದರು. ಈಗ ಕೆಲವರು ಬರೆದಿಟ್ಟುಕೊಳ್ಳುತ್ತಾರಂತೆ. ನಮ್ಮ ಹೆಳವನದು ಇವತ್ತಿಗೂ ಎಲ್ಲ ಬಾಯಲ್ಲೇ.

ಈ ಬರಹದಲ್ಲಿ ಯಾರ ಹೆಸರೂ ಬರುವುದಿಲ್ಲ. ಹೆಸರು ಹೇಳುವುದು ಅವನ ಕೆಲಸ, ನನ್ನದಲ್ಲ.

ಈಗ ನನ್ನ ಸಂಗತಿ. ಈ ಹೆಳವನ ಅಪ್ಪ ಹಿಂದೆ ಬಂದಾಗ ನಾನು ಹೊಸ ಮದುಮಗಳು. ಊರಿನ ಮನೆಯ ಕಟ್ಟೆಯ ಮೇಲೆ ಕೈತುಂಬ ಹಸಿರು ಬಳೆ ಹಾಕಿಕೊಂಡು ಕೂತಿದ್ದೆ. "ಹಿರೇಮಗಳನ್ನು ಇಂಥ ಊರಿನ ಇಂಥ ಮನೆಗೆ ಕೊಟ್ಟರು" ಎಂದು ಆ ಮುದುಕ ರಾಗ ಎಳೆದಾಗ ನಾಚಿಕೆಯಿಂದ ಸೆರಗು ಕಚ್ಚಿಕೊಂಡಿದ್ದೆ. ಆ ಮನೆಯಲ್ಲಿ ಕೆಲವು ವರ್ಷ ಇದ್ದೆ. ಮಕ್ಕಳಾಗಲಿಲ್ಲ. ಗಂಡ ಇನ್ನೊಬ್ಬಳನ್ನು ಮಾಡಿಕೊಂಡು ಬಂದ. ಅವಳು ಹೊಸ್ತಿಲು ದಾಟಿದ ಮಾರನೇ ದಿನ ನಾನು ಟ್ರಂಕು ಹಿಡಿದು ರೈಲು ಹತ್ತಿ ಸನತ್‌ನಗರಕ್ಕೆ ಬಂದೆ. ಅಪ್ಪ ಇಲ್ಲಿ ಒಂದು ಸಣ್ಣ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. ಬಾಗಿಲು ತೆರೆದವನು ನನ್ನ ಮುಖ ನೋಡಿ, ಏನೂ ಕೇಳದೆ ಟ್ರಂಕಿಗೆ ಕೈಹಾಕಿದ. ಮರುವಾರವೇ ಟೈಪಿಂಗ್ ಕ್ಲಾಸಿಗೆ ಸೇರಿಸಿದ. ಅದರಿಂದಲೇ ಸಿಕಂದರಾಬಾದಿನಲ್ಲಿ ನೌಕರಿ ಸಿಕ್ಕಿತು. ಅಪ್ಪ ಹೋದ. ನಾನೂ ಅವ್ವನೂ ಅದೇ ಮನೆಯಲ್ಲಿದ್ದೇವೆ.

ಕೆಲವು ವರ್ಷಗಳ ಕೆಳಗೆ ಯಾರದೋ ಮದುವೆಯಲ್ಲಿ ನನ್ನ ಗಂಡನ ಊರಿನ ಹೆಂಗಸೊಬ್ಬಳು ಅವ್ವನ ಕಿವಿಗೆ ಒಂದು ಸುದ್ದಿ ಹಾಕಿದಳು. ಗಂಡನ ಮನೆಗೂ ಅವರ ಹೆಳವ ಬಂದಿದ್ದನಂತೆ. ನನ್ನ ಗಂಡನ ಹೆಸರಿನ ಪಕ್ಕದಲ್ಲಿ ಎರಡನೆಯವಳ ಹೆಸರು, ಅವಳ ಗಂಡುಮಕ್ಕಳ ಹೆಸರು ಹೇಳಿಸಿದರಂತೆ. ನನ್ನ ಸೊಲ್ಲೇ ಇಲ್ಲ. ಅವತ್ತಿನಿಂದ ಅವ್ವನಿಗೆ ಒಂದೇ ಚಿಂತೆ. ಇಲ್ಲಿಯ ಹಾಡಿನಲ್ಲಿ ನಾನು ಕೊಟ್ಟು ಕಳಿಸಿದವಳು, ಅಲ್ಲಿಯ ಹಾಡಿನಲ್ಲಿ ಬಂದೇ ಇಲ್ಲದವಳು. ನಮ್ಮ ಹೆಳವ ಬಂದರೆ ಸರಿಮಾಡಿಸಬೇಕು, ಮಗಳು ಹೊಳ್ಳಿ ಬಂದಳು ಎಂದು ಸೇರಿಸಬೇಕು ಎಂದು ಕಾಯುತ್ತಿದ್ದಳು. ಅವನೋ ಬರಲೇ ಇಲ್ಲ. ಮುದುಕ ಸತ್ತ, ಮಗ ಯಾವುದೋ ಊರಲ್ಲಿ ಅಂಗಡಿ ಇಟ್ಟ ಅಂದರು. ಹೀಗೇ ವರ್ಷಗಳು ಹೋದವು.

"ನನಗ್ಯಾಕ ಬೇಕವ್ವಾ ಅದೆಲ್ಲಾ," ಅನ್ನುತ್ತಿದ್ದೆ. "ರೇಷನ್ ಕಾರ್ಡಿನ್ಯಾಗ ಹೆಸರೈತಿ, ಓಟರ್ ಲಿಸ್ಟಿನ್ಯಾಗ ಐತಿ. ಸಾಲದೇನು?"

ಅವಳು ಕಿವಿ ಮೇಲೆ ಹಾಕಿಕೊಳ್ಳುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಬೇಕಾಗಿತ್ತು. ಬೇಕು ಅಂದುಬಿಟ್ಟರೆ ಅದು ಸಿಗದಿದ್ದಾಗ ಮುಖ ಎಲ್ಲಿ ಇಟ್ಟುಕೊಳ್ಳಲಿ ಎಂದು ಬೇಡ ಅನ್ನುತ್ತಿದ್ದೆ, ಅಷ್ಟೇ.

ಇದರಲ್ಲಿ ಒಂದು ತೊಡಕಿತ್ತು. ತೊಡಕೆಂದರೆ ನನ್ನ ತಮ್ಮ.

ತಮ್ಮ ಮಣಿಕೊಂಡದಲ್ಲಿ ಹನ್ನೊಂದನೇ ಅಂತಸ್ತಿನ ಫ್ಲಾಟಿನಲ್ಲಿದ್ದಾನೆ. ಅವನಿಗೆ ಹೆಣ್ಣು ಕೊಟ್ಟವರು ಮೂರು ತಲೆಯಿಂದ ಹೈದರಾಬಾದಿನಲ್ಲಿ ಸರ್ಕಾರಿ ನೌಕರಿ ಮಾಡಿಕೊಂಡು ಬಂದ ಕನ್ನಡದವರು. ಮಾತುಕತೆಯ ದಿನ ಅವರು, ಹುಡುಗನ ಅಕ್ಕನ ಗಂಡ ಏನು ಮಾಡುತ್ತಾರೆ ಎಂದು ಕೇಳಿದರು. ತಮ್ಮ, ದುಬೈನಲ್ಲಿದ್ದಾರೆ ಅಂದುಬಿಟ್ಟ. ಆಗಿನ್ನೂ ಎಳೆಯವನು, ಸಂಬಂಧ ತಪ್ಪೀತೆಂಬ ಹೆದರಿಕೆ. ಅಪ್ಪ ತಲೆ ತಗ್ಗಿಸಿದ. ಅವ್ವ ಚಹಾ ತರುವ ನೆಪದಲ್ಲಿ ಒಳಗೆ ಹೋದಳು. ಮದುವೆಯಾಯಿತು, ಮಗಳು ಹುಟ್ಟಿದಳು, ದುಬೈಯವನು ಮಾತ್ರ ದುಬೈಯಲ್ಲೇ ಉಳಿದ. ತಮ್ಮನ ಅತ್ತೆ ಒಳ್ಳೆಯ ಹೆಂಗಸು, ಅದೇ ಕಷ್ಟ. ಸಿಕ್ಕಾಗೆಲ್ಲ "ಯಾವಾಗ ಬರ್ತಾರ್ರಿ ರಜಾದ ಮ್ಯಾಲೆ?" ಎಂದು ವಿಚಾರಿಸುತ್ತಾರೆ. ನಾನು ಮೊದಮೊದಲು ತೊದಲುತ್ತಿದ್ದೆ. ಆಮೇಲೆ ಪಳಗಿಬಿಟ್ಟೆ. ಸೂಪರ್‌ವೈಸರ್ ಆಗಿದ್ದವನನ್ನು ಮ್ಯಾನೇಜರ್ ಮಾಡಿದ್ದೂ ನಾನೇ, ಅವನಿಗೆ ಬೆನ್ನುನೋವು ಕೊಟ್ಟಿದ್ದೂ ನಾನೇ. ಕಟ್ಟಿಕೊಂಡವನಿಗಿಂತ ಈ ದುಬೈಯವನೇ ವಾಸಿ, ನನ್ನ ಮಾತು ಮೀರುತ್ತಿರಲಿಲ್ಲ.

ಹೆಳವನ ಹಾಡು ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳುವಂಥದ್ದು. ಗುಟ್ಟಾಗಿ ಸೇರಿಸಲು ಬರುವುದಿಲ್ಲ. ಸೇರಿಸಬೇಕಾದರೆ ಮನೆಯ ಗಂಡುಮಗ ಬಾಯಿಬಿಟ್ಟು ಹೇಳಬೇಕು. ಅಂದರೆ ತಮ್ಮ, ತನ್ನ ಹೆಂಡತಿಯ ಎದುರು.

ಆ ವಾರವೆಲ್ಲ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಹೆಳವ ಬುಧವಾರ ಬರುತ್ತಾನೆ ಅಂದರು. ರಜೆ ಕೇಳಿದೆ. ಬುಧವಾರ ಬರಲಿಲ್ಲ, ಲಿಂಗಂಪಲ್ಲಿಯಲ್ಲಿ ನಮ್ಮ ಊರಿನವರ ಮನೆಯಲ್ಲಿ ಉಳಿದ ಅಂದರು. ರಜೆ ಬೇಡ ಅಂದೆ. ಶುಕ್ರವಾರ ಅಂದರು, ಮತ್ತೆ ಕೇಳಿದೆ. ಸಾಹೇಬರು ಕನ್ನಡಕ ಕೆಳಗಿಳಿಸಿ, "ಏಮೈಂದಮ್ಮಾ ನೀಕು?" ಅಂದರು. ಏನೂ ಆಗಿಲ್ಲ ಎಂದು ಸಿಡುಕಿ ಬಂದೆ. ಮನೆಯಲ್ಲಿ ಅವ್ವ ಹೆಳವನಿಗೆ ಕೊಡುವ ಜೋಳ ಹಸನು ಮಾಡುತ್ತಿದ್ದಳು. ಹಸನಾದದ್ದನ್ನೇ ಮತ್ತೆ ಹಸನು ಮಾಡುತ್ತಿದ್ದಳು. ಆ ಮೊರದ ಸಪ್ಪಳಕ್ಕೆ ನನಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಹೊರಗೆ ಹೋಗಿ ಬೀದಿಯ ತುದಿಯ ತನಕ ನಡೆದು ಬರುತ್ತಿದ್ದೆ. ಬಂದರೆ ಮತ್ತೆ ಅದೇ ಸಪ್ಪಳ.

ಶನಿವಾರ ತಮ್ಮ ಫೋನು ಮಾಡಿದ.

"ಅಕ್ಕಾ, ನಾಳೆ ಬರ್ತಾನಂತ ಅಂವ. ಅತ್ತಿಯವ್ರೂ ಬರಾಕತ್ತಾರ. ಹೆಳವರನ್ನ ನೋಡೇ ಇಲ್ಲ, ನೋಡಬೇಕು ಅಂತ ಭಾಳ ಖುಷಿ ಮಾಡ್ಕೊಂಡಾರ."

"ಚಲೋ ಆತು ಬಿಡು."

"ಅವ್ವಗ ಒಂಚೂರು ಹೇಳು. ಆ ವಿಷಯ ನಾಳೆ ತೆಗೀಬ್ಯಾಡ ಅಂತ ಹೇಳು."

"ಯಾವ ವಿಷಯ?"

ಅವನ ಬಾಯಲ್ಲೇ ಅದನ್ನು ಕೇಳಬೇಕೆಂಬ ಹಟ ನನಗೆ.

"ನಿನಗ ಗೊತ್ತೈತಲ್ಲ," ಅಂದ. "ನನ್ನ ಮಗಳು ಇನ್ನೂ ಸಣ್ಣಾಕಿ. ಮಾಮಾ ದುಬೈದಾಗ ಅದಾನ ಅಂತ ಸಾಲ್ಯಾಗೆಲ್ಲಾ ಹೇಳ್ಕೋತ ಬಂದಾಳ. ಈಗ ಹೆಂಗ ತಿರುಗಿಸಿ ಹೇಳ್ಲಿ?"

"ತೆಗಿಯಾಂಗಿಲ್ಲ, ಫಿಕರ್ ಮಾಡಬ್ಯಾಡ," ಎಂದು ಫೋನಿಟ್ಟೆ. ಮೈಯೆಲ್ಲ ಉರಿಯುತ್ತಿತ್ತು. ಅವನ ಮೇಲೆ ಪೂರ್ತಿ ಸಿಟ್ಟು ಮಾಡಲೂ ಬರುತ್ತಿರಲಿಲ್ಲ. ಎತ್ತಿ ಆಡಿಸಿದ ತಮ್ಮ ಅವನು.

ಭಾನುವಾರ ಆಟೋ ಮಾಡಿಕೊಂಡು ಹೊರಟೆವು. ಅವ್ವ ಜೋಳದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಕೆಳಗಿಡು ಅಂದರೆ ಕೇಳಲಿಲ್ಲ. ಎರ್ರಗಡ್ಡ ದಾಟುವಷ್ಟರಲ್ಲಿ ಗಾಡಿಗಳು ಒಂದರ ಬಾಲ ಒಂದು ಹಿಡಿದು ನಿಂತುಬಿಟ್ಟವು. ಮೇಲೆ ಮೆಟ್ರೋ ಸರ್ರನೆ ಹೋಗುತ್ತಿತ್ತು. ನಾನು ತಲೆ ಹೊರಗೆ ಹಾಕಿ ನೋಡುವುದು, ಒಳಗೆಳೆದುಕೊಳ್ಳುವುದು ಮಾಡುತ್ತಿದ್ದೆ. ಆಟೋದವನಿಗೆ ಬೇಜಾರಾಗಿ, "ಅಮ್ಮಾ, ಜರ ಬೈಠೋ ಆರಾಮ್ ಸೇ," ಅಂದ.

"ಅವ್ವಾ," ಅಂದೆ ಕೊನೆಗೆ, ಅವಳ ಕಿವಿಗೆ ಬಾಗಿ. "ತಮ್ಮ ಫೋನ್ ಮಾಡಿದ್ದ. ಬೀಗರು ಬರ್ತಾರಂತ. ನನ್ನ ಸುದ್ದಿ ತೆಗೀಬ್ಯಾಡ ಅಂತಾನ."

"ಗೊತ್ತಿತ್ತು."

"ಮತ್ತ ನೀ ಏನೂ ಅನಬ್ಯಾಡ. ನಿನಗ್ಯಾಕ ಅಷ್ಟು ಹಟ? ಯಾರು ಕೇಳಾಕತ್ತಾರ ಈಗ ಈ ವಂಶಾವಳಿ?"

ಅವ್ವ ಚೀಲದ ಬಾಯಿ ಸರಿಮಾಡಿಕೊಂಡಳು. "ನಾ ಹೋದ ಮ್ಯಾಲೆ ನಿನ್ನ ಬಾಗಲಿಗೆ ಯಾರು ಬರ್ತಾರ ಹೇಳು," ಅಂದಳು. "ಹಾಲಿನಂವ ಬರ್ತಾನ, ಕರೆಂಟಿನಂವ ಬರ್ತಾನ. ನಮ್ಮವ್ರು ಅಂತ ಯಾರು ಬರ್ತಾರ? ತಮ್ಮ ಇವತ್ತ ಇಲ್ಲಿ ಅದಾನ, ನಾಳೆ ಎಲ್ಲೋ. ಹೆಳವನ ಬಾಯಾಗ ಇದ್ರ ಅಂವನಾದ್ರೂ ಹುಡುಕ್ಕೊಂಡು ಬರ್ತಾನ. ಬಾಯಾಗ ಇಲ್ಲದವ್ರ ಬಾಗಲಿಗೆ ಅಂವ ಹೋಗೂದಿಲ್ಲ."

ನಾನು ಮುಖ ತಿರುಗಿಸಿ ಹೊರಗೆ ನೋಡಿದೆ. ನನಗೆ ಅಳು ಬರುವ ಮುಂಚೆ ಯಾವಾಗಲೂ ಬರುವುದು ಸಿಟ್ಟು. ಆಟೋದವನಿಗೆ ಬೈದೆ, ಈ ದಾರಿ ಯಾಕೆ ಹಿಡಿದೆ ಎಂದು. ಪಾಪ, ಅವನು ಏನು ಮಾಡಿಯಾನು.

ತಮ್ಮನ ಮನೆ ಮುಟ್ಟಿದಾಗ ಎಲ್ಲರೂ ಬಂದು ಕೂತಿದ್ದರು. ತಮ್ಮನ ಹೆಂಡತಿ ರೇಷ್ಮೆ ಸೀರೆ ಉಟ್ಟಿದ್ದಳು. ಅವಳ ತಾಯಿ, ನಮ್ಮ ಬೀಗತಿ, ನನ್ನನ್ನು ನೋಡಿದ ಕೂಡಲೇ ಕೈ ಹಿಡಿದು, "ಅವರ ಬೆನ್ನುನೋವು ಹೆಂಗೈತ್ರಿ?" ಅಂದರು. ಕಮ್ಮಿ ಐತ್ರಿ ಅಂದೆ. ತಮ್ಮ ಕಿಟಕಿಯ ಕಡೆ ನೋಡಿದ. ಅವನ ಮಗಳು ಬಂದು ಅತ್ತಿ ಅತ್ತಿ ಎಂದು ನನ್ನ ಕಾಲಿಗೆ ಜೋತುಬಿದ್ದಳು.

ಸ್ವಲ್ಪ ಹೊತ್ತಿಗೆ ಗೇಟಿನಿಂದ ಸೆಕ್ಯೂರಿಟಿಯವನ ಫೋನು. "ಸಾರ್, ಎವರೋ ವಚ್ಚಿಂಡು ಸಾರ್. ಗಂಟ ಕೊಡ್ತುಂಡು. ಪಂಪಾಲಾ?" ಯಾರೋ ಗಂಟೆ ಬಾರಿಸುತ್ತ ಬಂದಿದ್ದಾನೆ, ಕಳಿಸಲೇ ಎಂದು. ತಮ್ಮ ಕಳಿಸು ಕಳಿಸು ಅಂದ. ಅವನ ಹಣೆಯಲ್ಲಿ ಬೆವರು.

ಲಿಫ್ಟಿನಿಂದ ಹೊರಬಂದವನು ನಲವತ್ತು ದಾಟಿದ ಮನುಷ್ಯ. ತಲೆಗೆ ರುಮಾಲು, ಹೆಗಲಿಗೆ ಜೋಳಿಗೆ, ಕೈಯಲ್ಲಿ ಗಂಟೆ, ಬಾಯಲ್ಲಿ ಗಂಟಲುನೋವಿನ ಮಾತ್ರೆ. ಹದಿನೈದು ದಿನದಿಂದ ಹೇಳಿ ಹೇಳಿ ಧ್ವನಿ ಕಟ್ಟಿಹೋಗಿತ್ತು. ಲಿಫ್ಟಿನಲ್ಲಿ ಕಿವಿ ಮುಚ್ಚಿಕೊಂಡವು ಎಂದು ಕಿವಿ ಹಿಂಡಿಕೊಳ್ಳುತ್ತಿದ್ದ. ಅವ್ವ ಅವನ ಕಾಲಿಗೆ ನೀರು ಹಾಕಿ, "ನಿಮ್ಮಪ್ಪನ ಮುಖನ ಬಂದೈತಿ," ಅಂದಳು. ಅವನು ಒಳಗೆ ಬರಲಿಲ್ಲ. ಕಾರಿಡಾರಿನ ನುಣುಪು ಕಲ್ಲಿನ ಮೇಲೆ, ಹೊಸ್ತಿಲಿನ ಆಚೆ ನಿಂತ. ನಾವೆಲ್ಲ ಈಚೆ ಚಾಪೆ ಹಾಸಿ ಕೂತೆವು. ತಮ್ಮ ಮುಂದೆ, ನಾವು ಹೆಂಗಸರು ಹಿಂದೆ.

"ಒಂದೊಂದು ತಲಿ ಮುಗಿದಾಗ ಮನಿಯವ್ರು ಖರೇ ಅನಬೇಕ್ರಿ," ಎಂದು ಅವನು ಬೀಗತಿಗೆ ತಿಳಿಸಿ ಹೇಳಿದ. "ಖರೇ ಅಂದ ಮ್ಯಾಲೆನ ನಾ ಮುಂದಕ್ಕ ಹೋಗೂದು."

ಗಂಟೆ ಬಾರಿಸಿ ಶುರು ಮಾಡಿದ. ನಮ್ಮ ಮೂಲಪುರುಷ ಕಾಗಿಣಾ ಹೊಳೆಯ ಆಚೆಯವನು. ಕಳೆದುಹೋದ ಎಮ್ಮೆ ಹುಡುಕಿಕೊಂಡು ಹೊಳೆ ದಾಟಿ ಬಂದ. ಎಮ್ಮೆ ಸಿಕ್ಕಿತು, ಆದರೆ ಹೊಳ್ಳಿ ಹೋಗಲು ಒಪ್ಪಲಿಲ್ಲ. ಎಮ್ಮೆ ನಿಂತಲ್ಲಿ ಅವನೂ ನಿಂತ. ತಮ್ಮನ ಮಗಳು ಕಿಸಕ್ಕನೆ ನಕ್ಕಳು. ತಮ್ಮ ಖರೇ ಅಂದ. ಹುಡುಗಿಗೆ ಅದು ಆಟವಾಗಿಬಿಟ್ಟಿತು. ಪ್ರತಿ ತಲೆಗೂ ಅಪ್ಪನ ಜೊತೆ ತಾನೂ ಖರೇ ಅನ್ನತೊಡಗಿದಳು.

ಅವನ ಕಟ್ಟಿದ ಗಂಟಲು ಹೆಸರು ಬಂದಲ್ಲಿ ಬಿಚ್ಚಿಕೊಳ್ಳುತ್ತಿತ್ತು. ಇಂಥವನ ಹೊಟ್ಟೆಯಲ್ಲಿ ಇಂಥವ, ಇವನು ಬಾವಿ ತೋಡಿಸಿದ, ಅವನು ಜಗಳಗಂಟ, ಇವನ ಹೆಂಡತಿ ಇಂಥ ಊರಿನವಳು, ಅವಳ ಕೈಯಡುಗೆ ಊರಿಗೇ ಹೆಸರುವಾಸಿ. ನನ್ನ ಮುತ್ತಜ್ಜನ ಹತ್ತಿರ ಬಂದಾಗ ಇಬ್ಬರು ಗಂಡುಮಕ್ಕಳ ಹೆಸರು ಹೇಳಿ ಮುಂದೆ ಹೋಗುವುದರಲ್ಲಿದ್ದ. ಅವ್ವ ಕೈ ಎತ್ತಿದಳು.

"ತಡಿಯಪ್ಪಾ. ನಡುವಿನ ಮಗ ಎಲ್ಲಿ ಹೋದ?"

ಅವನು ಗಕ್ಕನೆ ನಿಂತ. ಕಣ್ಣು ಮುಚ್ಚಿ ತುಟಿ ಅಲ್ಲಾಡಿಸಿದ.

"ಗರಡಿ ಬೆನ್ನ ಹತ್ತಿ ಹೋದಂವ," ಅಂದಳು ಅವ್ವ. "ನಿಮ್ಮಪ್ಪ ಅವನ ಕುಸ್ತಿ ಹೇಳೂ ಮುಂದ ತೊಡಿ ತಟ್ಟತಿದ್ದ."

"ಹೌದು ತಾಯಿ, ಹೌದು," ಅಂದ ಅವನು ನಾಚಿ. ತೊಡೆ ತಟ್ಟಿ ಆ ಪೈಲ್ವಾನನನ್ನು ಮತ್ತೆ ಒಳಗೆ ಕರೆದುಕೊಂಡ. ಅವ್ವ ಓದಲು ಬರೆಯಲು ಬಾರದವಳು. ಗಂಡನ ಮನೆಯ ಈ ಸತ್ತವರಲ್ಲಿ ಹೆಚ್ಚಿನವರನ್ನು ಕಂಡವಳೇ ಅಲ್ಲ. ಅವರನ್ನೆಲ್ಲ ಇಷ್ಟು ವರ್ಷ ಹೊಟ್ಟೆಯಲ್ಲಿ ಹೊತ್ತುಕೊಂಡು ಸನತ್‌ನಗರದಲ್ಲಿ ಪಾತ್ರೆ ತಿಕ್ಕಿದ್ದಾಳೆ ಅಂತ ನನಗೆ ಗೊತ್ತೇ ಇರಲಿಲ್ಲ. ಒಬ್ಬ ಪೈಲ್ವಾನನನ್ನು ಬಿಡದವಳು ನನ್ನನ್ನು ಬಿಟ್ಟಾಳೆಯೇ ಎಂದು ನನಗೆ ಹೆದರಿಕೆ ಶುರುವಾಯಿತು.

ಅಪ್ಪನ ಹೆಸರು ಬಂತು. ಅವ್ವ ಸೆರಗು ತಲೆಯ ಮೇಲೆ ಎಳೆದುಕೊಂಡಳು. ತಮ್ಮನ ಹೆಸರು ಬಂತು. ಅವನ ಹೆಂಡತಿಯನ್ನು, ಅವಳ ತವರನ್ನು ಕೇಳಿ ಸೇರಿಸಿಕೊಂಡ. ತನ್ನ ಹೆಸರು ಹಾಡಿನೊಳಗೆ ಬಂದಾಗ ಹುಡುಗಿ ಚಪ್ಪಾಳೆ ತಟ್ಟಿದಳು.

ಆಮೇಲೆ ನಾನು.

"ಹಿರೇಮಗಳನ್ನ ಇಂಥ ಊರ ಇಂಥ ಮನಿಗೆ ಕೊಟ್ರು," ಎಂದು ಹೆಳವ ತನ್ನ ಅಪ್ಪನಿಂದ ಕಲಿತದ್ದನ್ನು ಹೇಳಿ, ರಾಗ ನಿಲ್ಲಿಸಿ ತಮ್ಮನ ಮುಖ ನೋಡಿದ. "ಆ ಮನೀದು ಮುಂದ ಏನೈತಿ, ಹೇಳ್ರಿ."

ನನಗೆ ಎದ್ದು ಅಡುಗೆಮನೆಗೆ ಹೋಗಿಬಿಡಬೇಕು ಅನ್ನಿಸಿತು. ಅವ್ವ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದಳು. ಅವಳು ಬಾಯಿಬಿಡುತ್ತಾಳೆ ಎಂದುಕೊಂಡೆ. ಬಿಡಲಿಲ್ಲ. ಮಗನ ಬೆನ್ನನ್ನೇ ನೋಡುತ್ತಿದ್ದಳು.

"ಆಕಿ ಗಂಡ ದುಬೈದಾಗ ಅದಾನ," ಅಂದ ತಮ್ಮ.

ಹೆಳವ ತಲೆಯಾಡಿಸಿದ. ಒಂದು ಕ್ಷಣ ಒಳಗೊಳಗೇ ಮಾತು ಹೊಂದಿಸಿಕೊಂಡ. ಆಮೇಲೆ, ಬಾವಿ ತೋಡಿಸಿದವನನ್ನೂ ಎಮ್ಮೆಯನ್ನೂ ಹೇಳಿದ ಅದೇ ರಾಗದಲ್ಲಿ, ಕೊಟ್ಟ ಮಗಳ ಗಂಡ ಕಡಲಾಚೆ ದುಬೈಯೊಳಗೆ ದುಡಿಯುತ್ತಾನೆ, ಮಗಳು ಅವನ ಹೆಸರಿನಲ್ಲಿ ಬಾಳುವೆ ಮಾಡುತ್ತಾಳೆ ಎಂದು ಹಾಡಿ ನಿಂತ. ಖರೇ ಅನ್ನಲಿ ಎಂದು ಕಾದ.

ನಾನು ಎಷ್ಟೋ ವರ್ಷ ಆ ಸುಳ್ಳನ್ನು ಆಡಿದ್ದೆ, ನಕ್ಕಿದ್ದೆ. ಹಾಡಿನಲ್ಲಿ ಅದನ್ನು ಕೇಳಿದಾಗ ಮೈ ತಣ್ಣಗಾಯಿತು. ಇದನ್ನೇ ಈ ಮನುಷ್ಯನ ಮಗ ಹೇಳುತ್ತಾನೆ, ಅವನ ಮಗ ಹೇಳುತ್ತಾನೆ. ನಾನು ಸತ್ತರೂ ಬಿಟ್ಟು ಬಂದ ಆ ಗಂಡನ ಹೆಂಡತಿಯಾಗಿಯೇ ಇರಬೇಕು. ಆದರೂ ತಮ್ಮನ ಬೆನ್ನು ಬೆವರಿನಿಂದ ಅಂಗಿಗೆ ಅಂಟಿಕೊಂಡದ್ದು ಕಂಡು, ಹೋಗಲಿ, ನಾನೇ ಖರೇ ಅಂದು ಮುಗಿಸಿಬಿಡೋಣ ಎಂದು ಬಾಯಿ ತೆರೆದೆ.

"ಖರೇ," ಅಂದಳು ಹುಡುಗಿ, ಎಲ್ಲರಿಗಿಂತ ಮುಂಚೆ, ಗಟ್ಟಿಯಾಗಿ.

ತಮ್ಮ ಮಗಳ ಕಡೆ ತಿರುಗಿದ. ಅವಳು ಅಪ್ಪ ಭೇಷ್ ಅನ್ನುತ್ತಾನೆಂದು ನಗುತ್ತಿದ್ದಳು.

"ಖರೇ ಅಲ್ಲ," ಅಂದ ತಮ್ಮ.

ಯಾರಿಗೂ ಅರ್ಥವಾಗಲಿಲ್ಲ. ಹೆಳವನೇ, "ಯಾವುದು ಖರೇ ಅಲ್ರಿ?" ಅಂದ.

"ದುಬೈದು." ತಮ್ಮ ಮಗಳ ಕೈ ಹಿಡಿದುಕೊಂಡ. "ಅಂಥಾವ ಯಾವನೂ ದುಬೈದಾಗ ಇಲ್ಲ. ಅಂವ ಊರಾಗ ಇನ್ನೊಂದು ಹೆಂಡತಿ ಮಾಡ್ಕೊಂಡು ಅದಾನ. ಅಕ್ಕ ಹೊಳ್ಳಿ ಬಂದಾಳ. ನನ್ನ ಮದಿವಿಗಿಂತ ಮೊದಲ ಬಂದಾಳ. ಅಪ್ಪನ ಜಡ್ಡಿನ್ಯಾಗ ಆಕೀನ ಮಾಡಿದ್ಲು, ಅವ್ವನ್ನ ಆಕೀನ ನೋಡ್ಕೊಳ್ಳಾಕತ್ತಾಳ. ದುಬೈ ಅಂತ ಸುಳ್ಳು ಹೇಳಿದಂವ ನಾನು."

ಹಿಂದಕ್ಕೆ ತಿರುಗಿ ಹೆಂಡತಿಯನ್ನು ನೋಡುವ ಧೈರ್ಯ ಅವನಿಗಿರಲಿಲ್ಲ. ನಾನು ನೋಡಿದೆ. ಅವಳು ಮುಖ ಬಿಗಿದುಕೊಂಡಿದ್ದಳು. ಅವತ್ತು ಅವರ ಮನೆಯಲ್ಲಿ ಆಮೇಲೆ ಏನು ನಡೆಯಿತೋ ನನಗೆ ಗೊತ್ತಿಲ್ಲ, ನಾನು ಕೇಳಲೂ ಇಲ್ಲ. ಬೀಗತಿ ಮಾತ್ರ ನನ್ನನ್ನೇ ನೋಡುತ್ತ, "ಹಂಗಾದ್ರ ವರ್ಷಾ ವರ್ಷಾ ನಾ ದುಬೈಗೆ ಅಂತ ನಿಮ್ಮ ಕೈಯಾಗ ಕೊಟ್ಟ ಉಪ್ಪಿನಕಾಯಿ?" ಅಂದರು.

"ನಾನ ತಿಂದೆ ರೀ," ಅಂದೆ.

"ತಿನ್ನವ್ವ," ಅಂದರು ಅವರು. ಅವರ ಕಣ್ಣು ತುಂಬಿತ್ತು. "ನೀನ ತಿಂದ್ಯಲ್ಲ, ಅಷ್ಟ ಸಾಕು."

ಹೆಳವ ತನ್ನ ಪಾಡಿಗೆ ನಿಂತಿದ್ದ. ಅವನಿಗೆ ಇಂಥದ್ದು ಹೊಸದಲ್ಲವೇನೋ. "ನಮ್ಮಪ್ಪ ಹೇಳಿದ್ದನ್ನ ತೆಗಿಯಾಕ ಬರೂದಿಲ್ರಿ," ಅಂದ. "ಕೊಟ್ರು ಅಂದದ್ದು ಇರತೈತಿ. ಅದರ ಮುಂದಕ್ಕ ಕೂಡಸ್ತೀನಿ." ಮತ್ತೆ ರಾಗ ಹಿಡಿದ. ಕೊಟ್ಟ ಮಗಳು ಹೊಳ್ಳಿ ಬಂದಳು, ತಂದೆಯ ಮನೆಯಲ್ಲಿ ನಿಂತಳು, ತಂದೆಯ ಬಾಯಿಗೆ ನೀರು ಬಿಟ್ಟಳು, ತಾಯಿಯನ್ನು ಸಾಕಿದಳು. ಇಷ್ಟೇ. ಪೈಲ್ವಾನನಿಗೆ ಕೊಟ್ಟಷ್ಟು ಜಾಗವನ್ನೂ ನನಗೆ ಕೊಡಲಿಲ್ಲ. ತಮ್ಮ ಖರೇ ಅಂದ. ಅವ್ವ ಖರೇ ಅಂದಳು. ಹುಡುಗಿ ಈ ಸಲ ಅಪ್ಪನ ಮುಖ ನೋಡಿ, ಕೇಳುವವಳಂತೆ, ಮೆಲ್ಲಗೆ ಅಂದಳು.

ಮುಗಿಯಿತು ಎಂದುಕೊಂಡು ಏಳಲು ಹೊರಟೆ. ಅವನು ತಡೆದ.

"ಇನ್ನೊಂದೈತಿ. ಮುಂದಿನ ಸಲ ನಾ ಬರ್ತೀನೋ, ನನ್ನ ಮಗ ಬರ್ತಾನೋ. ಈಕಿ ಹೆಸರು ಯಾವ ಬಾಗಲದಾಗ ನಿಂತು ಹೇಳೂದು?"

"ಇದ ಬಾಗಲದಾಗ," ಅಂದ ತಮ್ಮ ಅವಸರದಲ್ಲಿ. "ನನ್ನ ಅಕ್ಕ. ನನ್ನ ಬಾಗಲದಾಗನ ಹೇಳ್ರಿ."

"ಬ್ಯಾಡ," ಅಂದೆ ನಾನು.

ಅಷ್ಟು ಜೋರಾಗಿ ಅನ್ನಬೇಕೆಂದು ಇರಲಿಲ್ಲ. ಬಂದುಬಿಟ್ಟಿತು. ತಮ್ಮನ ಮುಖ ಸಣ್ಣದಾಯಿತು. ಆಗಲಿ. ಅವನು ಕೊಡಬೇಕಾದ್ದನ್ನು ಕೊಟ್ಟಿದ್ದ, ಇದು ಅವನು ಕೊಡುವಂಥದ್ದಲ್ಲ.

"ಸನತ್‌ನಗರದಾಗ ನನಗೊಂದು ಬಾಗಲು ಐತ್ರಿ," ಅಂದೆ. "ಅಲ್ಲಿ ಬರ್ರಿ." ಸ್ಟೇಷನ್ನಿನಿಂದ ಹೇಗೆ ಬರಬೇಕು, ಯಾವ ಕಾರ್ಖಾನೆಯ ಗೋಡೆ ಹಿಡಿದು ಒಳಗೆ ತಿರುಗಬೇಕು, ಎಲ್ಲ ಹೇಳಿದೆ. ಅವನು ಬರೆದುಕೊಳ್ಳಲಿಲ್ಲ. ಒಪ್ಪಿಸಿದ, ತಪ್ಪಿದ. ಎಡಕ್ಕಲ್ಲ, ಬಲಕ್ಕೆ ಎಂದು ಗದರಿದೆ. ಮತ್ತೆ ಒಪ್ಪಿಸಿದ.

"ಬಾಗಲದಾಗ ಬಂದು ಕೂಗೂದು ಮನಿ ಯಜಮಾನನ ಹೆಸರಿಲೆ," ಅಂದ. "ಅಲ್ಲಿ ಯಾರ ಹೆಸರಿಲೆ ಕೂಗ್ಲಿ?"

ಎಲ್ಲರೂ ಅವ್ವನ ಕಡೆ ನೋಡಿದರು. ಅವ್ವ ನನ್ನ ಕಡೆ ನೋಡಿದಳು.

"ನನ್ನ ಹೆಸರಿಲೆ ಕೂಗ್ರಿ," ಅಂದೆ.

ಅವನು ಸ್ವಲ್ಪ ಯೋಚಿಸಿದ. "ಹೆಣ್ಣಮಗಳ ಹೆಸರಿಲೆ ಕೂಗಿ ರೂಢಿ ಇಲ್ಲ. ಒಂದ್ಸಲ ಕೂಗಿ ನೋಡ್ತೀನಿ, ಬಾಯಿಗೆ ಕುಂದ್ರಬೇಕು," ಎಂದು ಹೊಸ್ತಿಲಿನಿಂದ ಎರಡು ಹೆಜ್ಜೆ ಹಿಂದೆ ಸರಿದು ಗಂಟೆ ಎತ್ತಿದ. ಮನೆತನದ ಹೆಸರು ಹೇಳಿದ, ಅಪ್ಪನ ಹೆಸರು ಹೇಳಿದ, ಸನತ್‌ನಗರ ಅಂದ, ಆಮೇಲೆ ಆ ಕಟ್ಟಿದ ಗಂಟಲನ್ನೆಲ್ಲ ಒಟ್ಟುಮಾಡಿ ನನ್ನ ಹೆಸರು ಹಿಡಿದು ಕೂಗಿದ. ಕಾರಿಡಾರಿನ ಆ ತುದಿಯ ತನಕ ಹೋಗಿ ಬಂತು ಅದು. ಎದುರು ಮನೆಯ ಬಾಗಿಲು ತೆರೆದು ಯಾರೋ ಇಣುಕಿದರು. ಆಫೀಸಿನಲ್ಲಿ ದಿನಬೆಳಗಾದರೆ ನನ್ನ ಹೆಸರು ಕರೆಯುತ್ತಾರೆ, ಫೈಲು ತಾ ಎಂದು ಕರೆಯುತ್ತಾರೆ. ಹೀಗೆ ಯಾರೂ ಕರೆದಿರಲಿಲ್ಲ.

ಅವ್ವ ನನ್ನ ಬೆನ್ನಿಗೆ ತಿವಿದಳು. "ಓ ಅನ್ನು, ಹುಚ್ಚಿ. ಮನಿಯವ್ರು ಓ ಅನ್ನೂ ತನಕ ಅಂವ ಅಲ್ಲೇ ನಿಂದರ್ತಾನ."

ನಾನು ಓ ಅಂದೆ.